ಗೋಡೆಗೆ ಮುಖ ಮಾಡಿದ ಡಾಕ್ಟರು

“ಕಾಲು ತೆಗೆದ್ರಂತೆ ಮಾರಾಯ್ತಿ! ಮೊಣಗಂಟಿನ ಕೆಳಗೆ, ಪೂರ್ತಿ! ನಿನ್ನೆಯೇ ಆಪರೇಶನ್ ಆದದ್ದಂತೆ.”

ಆಫ್ರಾ ಹೀಗೆ ಹೇಳುತ್ತಾ ಕ್ಯಾಂಟೀನಿನ ಬೆಂಚಿಗೆ ಬಂದು ಬಿದ್ದಾಗ ನನ್ನ ಕೈಯಲ್ಲಿ ಅರ್ಧ ತಿಂದ ಗೋಳಿಬಜೆ ಇತ್ತು.

“ಯಾರದ್ದು?”

“ಪ್ರೇಮಕ್ಕಂದು! ಕೊಳಂಬೆಮೂಲೆಯ ಪ್ರೇಮಕ್ಕ, ರಬ್ಬರ್ ಟ್ಯಾಪಿಂಗ್ ಮಾಡುವವರು. ನೀನು ಅವರ ಕಾಲಿನ ಫೋಟೋ ತೆಗ್ದು ಡಾಕ್ಟ್ರಿಗೆ ಕಳಿಸಿದ್ದಲ್ವಾ, ಅವರೇ. ಭವಿತಕ್ಕ ಈಗ ಫೋನ್ ಮಾಡಿದ್ದು. ಪ್ರೇಮಕ್ಕನ ಅಣ್ಣ ಕಂಪ್ಲೇಂಟ್ ಕೊಡ್ತಾರಂತೆ. ಭವಿತಕ್ಕ ಫೋನಲ್ಲೇ ಅಳ್ತಾ ಇದ್ರು.”

ಗೋಳಿಬಜೆಯನ್ನು ತಟ್ಟೆಗೆ ಹಾಕಿದೆ. ಅದು ಉರುಳಿ ಚಟ್ನಿಯೊಳಗೆ ಬಿತ್ತು.

“ನಿನ್ನ ಮೋರೆ ಎಂತಕ್ಕೆ ಹೀಗೆ ಆದದ್ದು?” ಆಫ್ರಾ ಕೇಳಿದಳು.

“ಎಂತ ಇಲ್ಲ.”

“ಸಮೀಕ್ಷಾ, ನೀನು ತಿಂಡಿ ಬಿಟ್ಟದ್ದನ್ನು ನಾನು ಈ ಎರಡು ವರ್ಷದಲ್ಲಿ ನೋಡಿಲ್ಲ. ಎಂತ ಹೇಳು.”

ಫೋನ್ ತೆಗೆದು ಗ್ಯಾಲರಿ ನೋಡಿದೆ. ಪ್ರೇಮಕ್ಕನ ಕಾಲಿನ ಫೋಟೋ ಒಂದೇ ಒಂದು ಇತ್ತು. ಎರಡು ಇರಬೇಕಿತ್ತು.

ನಾವಿಬ್ಬರೂ ಸುಳ್ಯದಲ್ಲಿ ಸಮಾಜಕಾರ್ಯದ ಬಿ.ಎಸ್.ಡಬ್ಲ್ಯು. ಎರಡನೇ ವರ್ಷ. ನನ್ನ ಮನೆ ಕಡಬದ ಹತ್ತಿರ ಕೋಡಿಂಬಾಳದಲ್ಲಿ, ಇಲ್ಲಿ ಹಾಸ್ಟೆಲ್. ಪ್ರತಿ ಮಂಗಳವಾರ ನಮಗೆ ಫೀಲ್ಡ್‌ವರ್ಕ್. ನಮ್ಮಿಬ್ಬರ ಪಾಲಿಗೆ ಬಂದದ್ದು ಕಲ್ಲುಗುಂಡಿಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಕೊಳಂಬೆಮೂಲೆಯ ಆರೋಗ್ಯ ಉಪಕೇಂದ್ರ. ಎರಡು ಕೋಣೆ, ಒಂದು ಜಗಲಿ, ನರ್ಸ್ ಭವಿತಕ್ಕ, ಒಂದು ಟ್ಯಾಬ್. ಡಾಕ್ಟರು ಆ ಟ್ಯಾಬಿನೊಳಗೆ. ಮಂಗಳೂರಿನಲ್ಲಿ ಕೂತ ಡಾಕ್ಟರ್ ಪೂಜಿತಾ ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ಅದರಲ್ಲಿ ಬಂದು ರೋಗಿಗಳನ್ನು ನೋಡಿ, ಮಾತಾಡಿಸಿ, ಮದ್ದು ಬರೆಯುತ್ತಾರೆ. ಭವಿತಕ್ಕ ಆ ಮದ್ದನ್ನು ಕಪಾಟಿನಿಂದ ತೆಗೆದು ಕೊಡುತ್ತಾರೆ.

ನನ್ನ ವರದಿಯ ವಿಷಯವೂ ಇದೇ. ಟೆಲಿಮೆಡಿಸಿನ್ ಬೆಳೆದು ಬಂದ ದಾರಿ ಮತ್ತು ಅದರ ಅಡ್ಡಿಗಳು. ಹನ್ನೊಂದು ಪುಟ ಮುಗಿದಿತ್ತು. ಮೊದಲು ಉಪಗ್ರಹದ ಮೂಲಕ ದೊಡ್ಡ ಆಸ್ಪತ್ರೆಗಳನ್ನು ಜೋಡಿಸಿದ್ದು, ಆಮೇಲೆ ಕೊರೊನಾ ಬಂದಾಗ ಫೋನಿನಲ್ಲೇ ನೋಡಿ ಮದ್ದು ಬರೆಯಲು ಸರ್ಕಾರ ನಿಯಮ ಮಾಡಿದ್ದು, ಈಗ ಹಳ್ಳಿಹಳ್ಳಿಗೆ ಟ್ಯಾಬ್ ಬಂದದ್ದು. ಅಡ್ಡಿಗಳ ಪಟ್ಟಿಯಲ್ಲಿ ನೆಟ್‌ವರ್ಕ್, ಕರೆಂಟು, ಭಾಷೆ, ಜನರ ತಿಳುವಳಿಕೆಯ ಕೊರತೆ. ಕೊನೆಯ ಪುಟದಲ್ಲಿ ‘ಯಶಸ್ಸಿನ ಒಂದು ಉದಾಹರಣೆ’ ಎಂದು ಬರೆದು ಕೆಳಗೆ ಒಂದು ಪ್ಯಾರಾ. ‘ಪ್ರೇ., ೫೪ ವರ್ಷ, ಮಹಿಳೆ, ಸಕ್ಕರೆ ಕಾಯಿಲೆ, ಪಾದದ ಗಾಯ. ಎರಡು ಸಮಾಲೋಚನೆಗಳಲ್ಲಿ ಪುತ್ತೂರಿಗೆ ಹೋಗುವ ಶ್ರಮ ತಪ್ಪಿತು.’

ಆ ಸಾಲು ಬರೆದು ನನಗೆ ಖುಷಿಯಾಗಿತ್ತು.

ಪ್ರೇಮಕ್ಕ ಮೊದಲ ಸಲ ಬಂದದ್ದು ಹದಿನಾರು ದಿನದ ಹಿಂದೆ, ಫೆಬ್ರವರಿಯ ಮೊದಲ ಮಂಗಳವಾರ. ಜೊತೆಗೆ ಅವರ ಅಣ್ಣ ಧರ್ಮಪಾಲಣ್ಣ. ರಬ್ಬರ್ ಮರಕ್ಕೆ ಹಾಲು ಹಿಡಿಯಲು ಕಟ್ಟುವ ತೆಂಗಿನ ಗೆರಟೆ ಒಡೆದು ಬಿದ್ದಿತ್ತಂತೆ, ಅದರ ಚೂರು ಹಳೆ ಚಪ್ಪಲಿ ದಾಟಿ ಎಡಪಾದಕ್ಕೆ ಹೊಕ್ಕಿತ್ತು.

“ಚುಚ್ಚಿದ್ದೇ ಗೊತ್ತಾಗ್ಲಿಲ್ಲ,” ಎಂದರು ಪ್ರೇಮಕ್ಕ. “ಮನೆಗೆ ಬಂದು ನೋಡಿದ್ರೆ ನೆಲ ಇಡೀ ರಕ್ತ. ಕೋಳಿ ಕೊಯ್ದವರು ಯಾರು ಅಂತ ನಾನೇ ಕೇಳಿದ್ದು.”

ಜಗಲಿಯಲ್ಲಿ ಕೂತವರೆಲ್ಲ ನಕ್ಕರು. ಪ್ರೇಮಕ್ಕನಿಗೆ ನಗಿಸುವುದು ಗೊತ್ತಿತ್ತು.

ಪುತ್ತೂರಿಗೆ ಹೋಗುವ ಎಂದು ಅವರು ಹೇಳಿದ್ದರಂತೆ. ಬೇಡ, ನಮ್ಮಲ್ಲೇ ಡಾಕ್ಟರು ಸಿಗುತ್ತಾರೆ ಎಂದು ಕರೆತಂದವರು ಧರ್ಮಪಾಲಣ್ಣ. ಅವರು ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ಟ್ಯಾಬ್ ಬಂದ ದಿನದಿಂದ ಊರಿನವರನ್ನೆಲ್ಲ ಉಪಕೇಂದ್ರಕ್ಕೆ ಎಳೆದು ತರುತ್ತಿದ್ದವರು.

“ನಮ್ಮ ಕಾಲದಲ್ಲಿ ಇದಕ್ಕೇ ಒಂದು ಕೋಣೆ ಇತ್ತು, ಗೊತ್ತುಂಟಾ?” ಎಂದು ಅವತ್ತು ನನಗೂ ಆಫ್ರಾಳಿಗೂ ಹೇಳಿದರು. “ಮಾಡಿನ ಮೇಲೆ ದೊಡ್ಡ ಡಿಶ್. ಲಾರಿಯಲ್ಲಿ ಬಂದದ್ದು, ಎತ್ತಲಿಕ್ಕೆ ಎಂಟು ಜನ. ಬೆಂಗಳೂರಿನ ಡಾಕ್ಟ್ರು ಟಿವಿಯಲ್ಲಿ ಬರುದು. ಮಾತು ಮೊದ್ಲು ಬರುದು, ಬಾಯಿ ಮತ್ತೆ ಅಲ್ಲಾಡುದು.”

“ಈಗ ಆ ಡಿಶ್ ಎಲ್ಲುಂಟು?” ಆಫ್ರಾ ಕೇಳಿದಳು.

“ಗುಜಿರಿಗೆ ಹಾಕಿದ್ರು. ಕೆದಂಬಾಡಿಯ ಒಬ್ರು ತಕೊಂಡು ಹೋಗಿ ಅದರಲ್ಲಿ ಕಾಳುಮೆಣಸು ಒಣಗಿಸ್ತಾರೆ. ಒಳ್ಳೆ ಒಣಗ್ತದಂತೆ.”

“ಹಾಳಾಯ್ತಾ?”

“ಡಿಶ್ ಹಾಳಾದದ್ದಲ್ಲ ಮಗಾ. ಅಲ್ಲಿ ಒಬ್ರು ಸಿಸ್ಟರ್ ಇದ್ರು. ರೋಗಿಯ ಹತ್ರವೇ ಕೂರುದು. ಇಲ್ಲಿ ಮುಟ್ಟಿದ್ರೆ ನೋಯ್ತದಾ, ಇಲ್ಲಿ ಬಿಸಿ ಉಂಟಾ ಅಂತ ಮುಟ್ಟಿ ಮುಟ್ಟಿ ನೋಡಿ ಟಿವಿಗೆ ಹೇಳುದು. ಡಾಕ್ಟ್ರಿಗೆ ಕೈ ಅಂತ ಇದ್ದದ್ದು ಅವರದ್ದೇ. ಅವರಿಗೆ ವರ್ಗ ಆಯ್ತು. ಮತ್ತೆ ಬಂದವರು ದೂರ ನಿಂತು ಬಟನ್ ಒತ್ತುದು. ಜನ ಬರುದೇ ನಿಲ್ಲಿಸಿದ್ರು.”

ನಾನು ಇದನ್ನು ಆಗಲೇ ಫೋನಿನಲ್ಲಿ ಟೈಪ್ ಮಾಡಿಕೊಂಡೆ. ವರದಿಯಲ್ಲಿ ಅದು ‘ಮಾನವ ಸಂಪನ್ಮೂಲದ ಕೊರತೆ’ ಎಂದಾಯಿತು.

ಪ್ರೇಮಕ್ಕನ ಸರದಿ ಬಂತು. ಟ್ಯಾಬನ್ನು ಮೇಜಿನ ಮೇಲೆ ಪುಸ್ತಕಕ್ಕೆ ಒರಗಿಸಿ ಇಟ್ಟಿದ್ದೆವು. ಡಾಕ್ಟರ್ ಪೂಜಿತಾ ಎಲ್ಲ ಕೇಳಿಕೊಂಡು, “ಕಾಲು ಸ್ವಲ್ಪ ಮೇಲೆ ಹಿಡೀರಿ ಅಮ್ಮ, ಕ್ಯಾಮರಾದ ಎದುರಿಗೆ,” ಎಂದರು.

ಪ್ರೇಮಕ್ಕ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡರು.

“ಅಯ್ಯಬ್ಬಾ! ಡಾಕ್ಟ್ರ ಮೋರೆಗೆ ಕಾಲು ಹಿಡಿಯುದಾ?”

“ಪರವಾಗಿಲ್ಲ ಅಮ್ಮ. ನಾನೇ ಹೇಳ್ತಾ ಇದ್ದೇನಲ್ಲ?”

“ನೀವು ಹೇಳ್ತೀರಿ. ಹಿಡಿಯುವವಳು ನಾನಲ್ವಾ?”

ಭವಿತಕ್ಕ ಹೇಳಿದರು, ಧರ್ಮಪಾಲಣ್ಣ ಗದರಿದರು. ಪ್ರೇಮಕ್ಕ ಜಪ್ಪಯ್ಯ ಎಂದರೂ ಕಾಲು ಎತ್ತಲಿಲ್ಲ. ನನಗೆ ನಗು ಬಂತು, ಆದರೆ ಅವರ ಸಂಕಟ ಗೊತ್ತಾಗದೆ ಇರಲಿಲ್ಲ. ನಮ್ಮ ಮನೆಯಲ್ಲೂ ಒಂದು ಪೇಪರಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಆಸ್ಪತ್ರೆಯಲ್ಲಾದರೆ ಡಾಕ್ಟರೇ ಬಗ್ಗಿ ರೋಗಿಯ ಕಾಲು ಮುಟ್ಟುತ್ತಾರೆ, ಅದು ಅವರ ಕೆಲಸ. ಇಲ್ಲಿ ಮೇಜಿನ ಮೇಲೆ ಡಾಕ್ಟರ ಮುಖ ಮಾತ್ರ ಇತ್ತು. ಅದರ ಕಡೆಗೆ ಪ್ರೇಮಕ್ಕ ತಾವೇ ಕಾಲು ಎತ್ತಬೇಕಿತ್ತು.

ಉಪಾಯ ಹೊಳೆದದ್ದು ನನಗೆ.

“ಡಾಕ್ಟ್ರೇ, ಎರಡು ನಿಮಿಷ ಗೋಡೆ ನೋಡ್ತೀರಾ?” ಎಂದು ಟ್ಯಾಬನ್ನು ಎತ್ತಿ ಗೋಡೆಯ ಕಡೆಗೆ ತಿರುಗಿಸಿ ಇಟ್ಟೆ.

“ಆಯ್ತಪ್ಪ,” ಗೋಡೆಯ ಕಡೆಯಿಂದ ಡಾಕ್ಟರ ನಗು ಕೇಳಿತು. “ಮಕ್ಕಳ ಲಸಿಕೆಯ ಚಾರ್ಟ್ ಉಂಟು ಇಲ್ಲಿ. ಓದ್ತಾ ಇರ್ತೇನೆ.”

ಪ್ರೇಮಕ್ಕ ಸೆರಗು ಬಾಯಿಗೆ ಹಿಡಿದು ನಗುತ್ತಾ ಕಾಲನ್ನು ಸ್ಟೂಲಿನ ಮೇಲೆ ಇಟ್ಟರು. ಭವಿತಕ್ಕ ಗಾಯ ತೊಳೆದರು. ನಾನು ನನ್ನ ಫೋನಿನಲ್ಲಿ ಫೋಟೋ ತೆಗೆದು ಕಳಿಸಿದೆ. ಎರಡು ರೂಪಾಯಿ ನಾಣ್ಯದಷ್ಟು ಗಾಯ, ಒಳಗೆ ಗುಲಾಬಿ ಬಣ್ಣ. ಆಮೇಲೆ ಡಾಕ್ಟರನ್ನು ಪುನಃ ಈ ಕಡೆ ತಿರುಗಿಸಿದೆವು.

“ದಿನಾ ಡ್ರೆಸ್ಸಿಂಗ್ ಆಗ್ಬೇಕು. ಆ ಕಾಲು ಊರ್ಬೇಡಿ ಅಮ್ಮ. ಸಕ್ಕರೆ ಕಾಯಿಲೆಯಿಂದ ನಿಮ್ಗೆ ನೋವು ಗೊತ್ತಾಗುದಿಲ್ಲ, ಅದೇ ಅಪಾಯ. ಮುಂದಿನ ಮಂಗಳವಾರ ಮತ್ತೆ ತೋರಿಸ್ಬೇಕು. ಕಪ್ಪಾದ್ರೆ, ವಾಸನೆ ಬಂದ್ರೆ ಅದೇ ದಿನ ಪುತ್ತೂರಿಗೆ ಹೋಗಿ. ಕಾಯ್ಬಾರ್ದು.”

“ರಬ್ಬರಿನ ಎಲೆ ಉದುರ್ಲಿಕ್ಕೆ ಶುರುವಾಗಿದೆ ಡಾಕ್ಟ್ರೇ,” ಎಂದರು ಪ್ರೇಮಕ್ಕ. “ಇನ್ನು ಹಾಲು ಸಿಕ್ಕುದು ಹದಿನೈದು ದಿನ. ಮತ್ತೆ ಎರಡು ತಿಂಗಳು ನಾನು ಕೂತೇ ಇರುದಲ್ವಾ? ಆಗ ಎಷ್ಟು ಬೇಕಾದ್ರೂ ಕಾಲು ಮೇಲಿಟ್ಟು ಕೂರ್ತೇನೆ. ನಿಮ್ಮ ಮೋರೆಯ ಎದುರು ಬಿಟ್ಟು.”

ಡಾಕ್ಟರೂ ನಕ್ಕರು. ನಾನು ಟ್ಯಾಬ್ ತಿರುಗಿಸಿದ್ದನ್ನು ವರದಿಯಲ್ಲಿ ‘ಸ್ಥಳೀಯ ಪರಿಹಾರ’ ಎಂದು ಬರೆದೆ.

ಮುಂದಿನ ಮಂಗಳವಾರ ಶಾಲೆಯಲ್ಲಿ ಮಕ್ಕಳಿಗೆ ಜಂತುಹುಳದ ಮಾತ್ರೆ ಕೊಡುವ ದಿನ. ಭವಿತಕ್ಕ ಆಫ್ರಾಳನ್ನು ಕರೆದುಕೊಂಡು ಶಾಲೆಗೆ ಹೋದರು. “ಹಳೆ ರೋಗಿಗಳು ಬಂದ್ರೆ ಕನೆಕ್ಟ್ ಮಾಡಿ ಕೊಡು. ಬೇರೆ ಎಂತ ಮುಟ್ಲಿಕ್ಕೆ ಹೋಗ್ಬೇಡ. ಕಷ್ಟದ್ದು ಎಂತಾದ್ರೂ ಬಂದ್ರೆ ನಂಗೆ ಫೋನ್ ಮಾಡು,” ಎಂದು ನನಗೆ ಹೇಳಿ ಹೋಗಿದ್ದರು.

ಪ್ರೇಮಕ್ಕ ಬಂದದ್ದು ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ. ಒಬ್ಬರೇ. ಬ್ಯಾಂಡೇಜಿನ ಮೇಲೆ ಹಳೆ ಲುಂಗಿಯ ತುಂಡು, ಅದರ ಮೇಲೆ ಪ್ಲಾಸ್ಟಿಕ್ ತೊಟ್ಟೆ, ಅದಕ್ಕೆ ರಬ್ಬರ್ ಬ್ಯಾಂಡ್. ಬೆಳಿಗ್ಗೆ ತೋಟದಲ್ಲಿ ಇಬ್ಬನಿ ತಾಗಬಾರದಲ್ಲ ಎಂದರು. ಅಂದರೆ ತೋಟಕ್ಕೆ ಹೋಗುತ್ತಿದ್ದರು. ಪೌಡರಿನ ಪರಿಮಳ ಜೋರಾಗಿ ಬಂತು. ಪೌಡರಿನ ಅಡಿಯಲ್ಲಿ ಇನ್ನೊಂದು ವಾಸನೆಯೂ ಇತ್ತು. ನನಗೆ ಬಂದಿತ್ತು. ಈಗ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

“ಹೇಗುಂಟು ಪ್ರೇಮಕ್ಕ?”

“ಸೌಖ್ಯ ಉಂಟು. ನೋವೇ ಇಲ್ಲ.”

ಕಲ್ಲುಗುಂಡಿಗೆ ಒಂದೂಕಾಲಕ್ಕೆ ಜೀಪು. ಅದು ತಪ್ಪಿದರೆ ಮೂರೂವರೆವರೆಗೆ ಎಂತದೂ ಇಲ್ಲ. ಎರಡೂವರೆಗೆ ಕಾಲೇಜು ಡೇಯ ಡ್ಯಾನ್ಸ್ ಪ್ರಾಕ್ಟೀಸ್, ನಾನು ಎದುರಿನ ಸಾಲಿನಲ್ಲಿ. ನೆಟ್‌ವರ್ಕ್ ಎರಡು ಕಡ್ಡಿ ತೋರಿಸುತ್ತಿತ್ತು. ಕರೆ ಹೋಯಿತು. ಹೋದ ವಾರದ ಹಾಗೆಯೇ ಟ್ಯಾಬನ್ನು ಮೊದಲೇ ಗೋಡೆಗೆ ತಿರುಗಿಸಿ ಇಟ್ಟೆ.

“ಬಿಚ್ಚಿ ಪ್ರೇಮಕ್ಕ, ಬೇಗ ಒಂದು ಫೋಟೋ.”

ಅವರು ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿದರು. ಜಗಲಿಯಲ್ಲಿ ನಾಲ್ಕು ಗಂಡಸರು ಕೂತಿದ್ದರು.

“ಬೇಡ ಮಗಾ. ಅವರಿಗೆಲ್ಲ ಕಾಣ್ತದೆ. ವಾಸನೆ ಬೇರೆ. ಬಿಚ್ಚಿದ್ರೆ ಪುನಃ ಕಟ್ಟುದು ಯಾರು, ಭವಿತಾ ಇಲ್ಲ. ನೀನು ಕಟ್ತೀಯಾ?”

ನನಗೆ ಕಟ್ಟಲು ಬರುತ್ತಿರಲಿಲ್ಲ. ಬಿಚ್ಚುವುದನ್ನು ನೋಡಲೂ ಮನಸ್ಸಿರಲಿಲ್ಲ. ಬಾಗಿಲು ಹಾಕಬಹುದಿತ್ತು. ಭವಿತಕ್ಕನಿಗೆ ಫೋನ್ ಮಾಡಬಹುದಿತ್ತು, ಶಾಲೆ ಐದು ನಿಮಿಷದ ದಾರಿ.

“ಫೋಟೋ ಬರ್ಲಿಲ್ಲ ಇನ್ನೂ,” ಗೋಡೆಯ ಕಡೆಯಿಂದ ಡಾಕ್ಟರ ಸ್ವರ. “ಸ್ವಲ್ಪ ಬೇಗ. ಬೇರೆ ಸೆಂಟರಿನವರು ಕಾಯ್ತಾ ಇದ್ದಾರೆ.”

ಗ್ಯಾಲರಿಯಲ್ಲಿ ಹೋದ ವಾರದ ಫೋಟೋ ಇತ್ತು. ನೋವಿಲ್ಲ ಎಂದು ಪ್ರೇಮಕ್ಕ ಹೇಳುತ್ತಿದ್ದಾರಲ್ಲ, ನೋವಿಲ್ಲದ ಮೇಲೆ ಇನ್ನೆಂತ ಆಗಿರುತ್ತದೆ ಎಂದುಕೊಂಡು ಅದನ್ನೇ ಕಳಿಸಿದೆ.

“ಹಾಂ, ಬಂತು, ನೋಡಿದೆ. ಹಾಗೇ ಉಂಟಲ್ಲ. ಹೆಚ್ಚಾಗಿಲ್ಲ. ಅದೇ ಮದ್ದು ಮುಂದುವರಿಸಿ. ನೋವುಂಟಾ ಅಮ್ಮ?”

“ಇಲ್ಲ ಡಾಕ್ಟ್ರೇ. ಸೌಖ್ಯ,” ಎಂದರು ಪ್ರೇಮಕ್ಕ, ಟ್ಯಾಬಿನ ಬೆನ್ನಿಗೆ ಕೈ ಮುಗಿದು.

ಜೀಪು ಸಿಕ್ಕಿತು. ಡ್ಯಾನ್ಸೂ ಆಯಿತು. ಈ ಮಂಗಳವಾರ ನಮಗೆ ಇಂಟರ್ನಲ್ ಪರೀಕ್ಷೆ ಇದ್ದದ್ದರಿಂದ ಕೊಳಂಬೆಮೂಲೆಗೆ ಹೋಗಿರಲಿಲ್ಲ. ಇವತ್ತು ಗುರುವಾರ.

ಆಫ್ರಾಳೊಂದಿಗೆ ಮಧ್ಯಾಹ್ನದ ಕ್ಲಾಸು ಬಿಟ್ಟು ಪುತ್ತೂರಿನ ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿ ನಾಲ್ಕರಿಂದ ಆರರವರೆಗೆ ನೋಡಲು ಬಿಡುತ್ತಾರೆ ಎಂದು ಭವಿತಕ್ಕ ಹೇಳಿದ್ದರಂತೆ. ಜಾಲ್ಸೂರು ದಾಟುವವರೆಗೆ ಆಫ್ರಾಳೇ ಮಾತಾಡುತ್ತಿದ್ದಳು. ಸೋಮವಾರ ಪ್ರೇಮಕ್ಕನಿಗೆ ಜ್ವರ ಬಂತಂತೆ, ಭವಿತಕ್ಕ ಮನೆಗೆ ಹೋಗಿ ಬಟ್ಟೆ ಬಿಚ್ಚಿದಾಗ ಪಾದದ ಅರ್ಧ ಕಪ್ಪಾಗಿತ್ತಂತೆ, ಆಗಲೇ ಪುತ್ತೂರಿಗೆ ತಂದರೂ ಮರುದಿನ ಬೆಳಿಗ್ಗೆ ಉಳಿದರ್ಧವೂ ಕಪ್ಪಾಗಿತ್ತಂತೆ.

“ಡ್ರೆಸ್ಸಿಂಗಿಗೆ ದಿನಾ ಬನ್ನಿ ಹೇಳಿದ್ರೆ ಪ್ರೇಮಕ್ಕ ಮೊದ್ಲೇ ಸರಿ ಬರ್ತಿರ್ಲಿಲ್ಲ, ಹೋದ ವಾರದ ಮಂಗಳವಾರದ ನಂತರ ಬರ್ಲೇ ಇಲ್ಲಂತೆ. ಡಾಕ್ಟ್ರು ನೋಡಿದ್ದಾರೆ, ಹಾಗೇ ಉಂಟು ಹೇಳಿದ್ದಾರೆ, ನಾನೇ ಕಟ್ಕೊಳ್ತೇನೆ ಅಂತ ಹೇಳಿ ಕಳಿಸಿದ್ರಂತೆ. ಒಟ್ರಾಶಿ ಆ ಡಾಕ್ಟ್ರೇ ಸರಿ ಇಲ್ಲ ಕಾಣ್ತದೆ. ಫೋಟೋ ನೋಡಿಯೂ ಗೊತ್ತಾಗ್ಲಿಲ್ವಾ ಅವರಿಗೆ?”

ಆಗ ಅವಳಿಗೆ ಹೇಳಿದೆ. ಕಿಟಕಿಯ ಸರಳು ಹಿಡಿದುಕೊಂಡು, ಹೊರಗೆ ನೋಡುತ್ತಾ ಹೇಳಿದೆ. ಕಾವು ಪೇಟೆ ಬಂತು, ಹೋಯಿತು. ಬಸ್ಸು ನಿಂತಲ್ಲೆಲ್ಲ ಜನ ಹತ್ತಿ ನಮ್ಮ ಮೇಲೆ ಬೀಳುತ್ತಿದ್ದರು.

ಕುಂಬ್ರದ ಹತ್ತಿರ ಅವಳು ಕಿವಿಯ ಹತ್ತಿರ ಬಗ್ಗಿದಳು.

“ಬೇರೆ ಯಾರಿಗಾದ್ರೂ ಗೊತ್ತುಂಟಾ?”

“ಇಲ್ಲ.”

“ಹಾಗಾದ್ರೆ ಆ ಫೋಟೋ ಡಿಲೀಟ್ ಮಾಡು. ಎರಡನೇ ದಿನದ್ದು ಎಲ್ಲಿ ಅಂತ ಕೇಳಿದ್ರೆ ಅಳಿಸಿ ಹೋಯ್ತು ಹೇಳು. ಡಾಕ್ಟ್ರಿಗೆ ಹೋದ ಎರಡನ್ನೂ ಯಾರು ಹೋಲಿಸಿ ನೋಡ್ತಾರೆ?” ಒಂದು ನಿಮಿಷ ಬಿಟ್ಟು ಅವಳೇ, “ಥೂ, ನಾನೆಂತ ಹೇಳಿದ್ದು. ಭವಿತಕ್ಕನ ಕೆಲಸ ಹೋಗ್ತದಲ್ವಾ. ಅವರದ್ದು ಕಾಂಟ್ರಾಕ್ಟು. ಬೇಡ. ನಾನು ಹೇಳಿದ್ದು ಬಿಡು,” ಎಂದಳು.

ನಾನು ಅಳಿಸಲಿಲ್ಲ. ಹೇಳುತ್ತೇನೆ ಎಂದೂ ತೀರ್ಮಾನ ಮಾಡಿರಲಿಲ್ಲ. ಫೋನನ್ನು ಬ್ಯಾಗಿನ ಅಡಿಗೆ, ಪುಸ್ತಕಗಳ ಕೆಳಗೆ ತುರುಕಿದೆ.

ಆಸ್ಪತ್ರೆಯ ಎರಡನೇ ಮಾಳಿಗೆಯ ವರಾಂಡದಲ್ಲಿ ಧರ್ಮಪಾಲಣ್ಣ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಶೇವ್ ಮಾಡದ ಗಡ್ಡ ಬೆಳ್ಳಗೆ ಚುಚ್ಚಿ ನಿಂತಿತ್ತು. ನಮ್ಮನ್ನು ನೋಡಿ ಎದ್ದರು.

“ಬಂದ್ರಾ? ಒಳ್ಳೇದಾಯ್ತು ಮಾರಾಯ್ತಿ. ನಿನ್ನನ್ನೇ ಹುಡುಕ್ತಾ ಇದ್ದೆ,” ಎಂದು ನನಗೆ ಹೇಳಿ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದರು. ನೀಲಿ ಪೆನ್ನಿನಲ್ಲಿ ಬರೆದ ಅರ್ಜಿ. “ಓದಿ ನೋಡು. ತಪ್ಪಿದ್ರೆ ಹೇಳು.”

ಟ್ಯಾಬಿನ ಡಾಕ್ಟರು ಗಾಯವನ್ನು ಸರಿಯಾಗಿ ನೋಡದೆ ಹೆಚ್ಚಾಗಿಲ್ಲ ಎಂದು ಹೇಳಿದ್ದರಿಂದ ತನ್ನ ತಂಗಿ ಕಾಲು ಕಳೆದುಕೊಂಡಳು; ನರ್ಸ್ ಆ ಹೊತ್ತಿಗೆ ಕೇಂದ್ರದಲ್ಲಿ ಇರಲಿಲ್ಲ; ಇಬ್ಬರ ಮೇಲೂ ಕ್ರಮ ಆಗಬೇಕು; ಟ್ಯಾಬನ್ನು ಹಿಂದಕ್ಕೆ ಕೊಟ್ಟು ಕೇಂದ್ರದಲ್ಲಿ ಈ ವ್ಯವಸ್ಥೆ ನಿಲ್ಲಿಸಬೇಕು. ಕೆಳಗೆ ಇಪ್ಪತ್ತಮೂರು ಸಹಿ. ಒಂದೆರಡು ಹೆಬ್ಬೆಟ್ಟು.

“ಇದ್ರಲ್ಲಿ ಅರ್ಧಕ್ಕರ್ಧ ಜನರನ್ನು ಟ್ಯಾಬಿನ ಎದುರು ಕೂರಿಸಿದ್ದು ನಾನೇ,” ಎಂದರು. “ಈಗ ಇದಕ್ಕೆ ಸೈನ್ ಹಾಕಿಸಿದ್ದೂ ನಾನೇ. ಅವಳು ಪುತ್ತೂರಿಗೆ ಹೋಗುವ ಅಂದಿದ್ಳು. ನಾನು ಕೇಳ್ಲಿಲ್ಲ. ಆ ಡಿಶ್ ಕಾಲದಲ್ಲಿ ಒಂದು ಹುಡುಗನಿಗೆ ಬೆಂಗಳೂರಿನ ಡಾಕ್ಟ್ರು ಹೃದಯದ ತೊಂದರೆ ಟಿವಿಯಲ್ಲೇ ಹಿಡ್ದು ಹೇಳಿದ್ರು. ನನ್ನ ಕಣ್ಣೆದುರು. ಅದನ್ನು ನೋಡಿ ನಂಬಿದವನು ನಾನು.”

ಆಫ್ರಾ ನನ್ನ ಬ್ಯಾಗಿನ ಪಟ್ಟಿ ಹಿಡಿದುಕೊಂಡಿದ್ದಳು.

“ನಾಳೆ ಪಂಚಾಯತಿಯಲ್ಲಿ ಮೀಟಿಂಗ್ ಇಟ್ಟಿದ್ದಾರೆ,” ಎಂದು ಧರ್ಮಪಾಲಣ್ಣ ಮುಂದುವರಿಸಿದರು. “ನಿಂಗೆ ಒಂದೇ ಕೆಲಸ. ಆ ದಿನ ಅಲ್ಲಿ ಇದ್ದದ್ದು ನೀನೊಬ್ಳು. ಡಾಕ್ಟ್ರು ಕಾಲು ನೋಡಿದ್ರೋ ಇಲ್ವೋ, ಅಷ್ಟು ಹೇಳಿದ್ರೆ ಸಾಕು. ನೋಡಿದ್ರಾ?”

“ಪ್ರೇಮಕ್ಕನನ್ನು ನೋಡಿ ಬರ್ತೇನೆ,” ಎಂದೆ.

ವಾರ್ಡಿನಲ್ಲಿ ಆರು ಮಂಚ. ಪ್ರೇಮಕ್ಕ ಕಿಟಕಿಯ ಬದಿಯಲ್ಲಿದ್ದರು. ಹೊದಿಕೆಯ ಕೆಳಗೆ ಒಂದು ಕಾಲಿನ ಉಬ್ಬು ಕೊನೆಯವರೆಗೆ ಹೋಗಿತ್ತು. ಇನ್ನೊಂದು ನಡುವೆಯೇ ನಿಂತಿತ್ತು. ಆಫ್ರಾ ಬಾಗಿಲಲ್ಲೇ ಉಳಿದಳು.

“ಬಂದ್ಯಾ ಮಗಾ? ಪರೀಕ್ಷೆ ಹೇಗಾಯ್ತು?”

“ಆಯ್ತು ಪ್ರೇಮಕ್ಕ.”

“ಕೂತ್ಕೋ. ಮಂಚದಲ್ಲೇ ಕೂತ್ಕೋ, ಈಗ ಜಾಗ ಉಂಟಲ್ಲ.” ನಗಿಸಲು ಹೇಳಿದ್ದು. ನಾನು ನಗದೆ ಇದ್ದದ್ದನ್ನು ನೋಡಿ ಅವರೇ ಮುಖ ತಿರುಗಿಸಿದರು. ಕಣ್ಣು ಒಣಗಿ ಕೆಂಪಾಗಿತ್ತು. “ಒಂದು ವಿಚಿತ್ರ ಕೇಳು. ಕಾಲು ಇದ್ದಾಗ ನೋವಿರ್ಲಿಲ್ಲ. ಈಗ ಇಲ್ಲದ ಕಾಲು ನೋಯ್ತದೆ. ಬೆರಳು ಹಿಂಡಿದ ಹಾಗೆ. ನರ್ಸಿಗೆ ಹೇಳಿದ್ರೆ ಹಾಗೆ ಆಗ್ತದೆ ಅಂತಾರೆ.”

ಅವರ ಕೈ ಹಿಡಿದೆ. ಬೆರಳ ಸಂದಿನಲ್ಲಿ ರಬ್ಬರ್ ಹಾಲಿನ ಕಪ್ಪು ಕಲೆ ಇನ್ನೂ ಇತ್ತು.

“ಅಣ್ಣ ಡಾಕ್ಟ್ರಿಗೆ ಬೈತಾನೆ. ನಂಗೆ ಬೈಲಿಕ್ಕೆ ಬರುದಿಲ್ಲ. ಆ ಹೆಣ್ಣು ಒಳ್ಳೇದು ಪಾಪ. ಗೋಡೆ ನೋಡು ಅಂದ್ರೆ ನೋಡಿದ್ಳು. ಆದ್ರೆ ನಂಗೆ ಒಂದು ತಲೆಗೆ ಹೋಗುದಿಲ್ಲ ಮಗಾ. ಎರಡನೇ ಸಲ ನಾನು ಬಟ್ಟೆ ಬಿಚ್ಚಲಿಲ್ಲ. ನೀನು ಫೋಟೋ ಹೊಡೀಲಿಲ್ಲ. ಆದ್ರೂ ಅವರು ಬಂತು, ನೋಡಿದೆ ಹೇಳಿದ್ರಲ್ಲ?”

ಅವರ ಕೈ ಹಿಡಿದುಕೊಂಡೇ ನಾನು ಕಿಟಕಿಯ ಕಡೆ ನೋಡಿದೆ.

“ನಾನು ಎಣಿಸಿದೆ, ಈಗಿನ ಮಿಶನಲ್ವಾ, ಬಟ್ಟೆಯ ಹೊರಗಿಂದ್ಲೂ ಒಳಗಿನದ್ದು ಕಾಣ್ತದೆ ಅಂತ. ಎಕ್ಸ್‌ರೇಯ ಹಾಗೆ. ಕಾಣದೆ ಡಾಕ್ಟ್ರು ನೋಡಿದೆ ಹೇಳ್ತಾರಾ? ನಂಗೆ ಎಷ್ಟು ಖುಷಿ ಆಯ್ತು ಗೊತ್ತುಂಟಾ. ಬಿಚ್ಚಿ ತೋರಿಸ್ದೆ ಮರ್ಯಾದೆಯೂ ಉಳೀತು, ಕಾಲೂ ಹಾಗೇ ಉಂಟಂತೆ. ಮನೆಯಲ್ಲಿ ಬಟ್ಟೆ ಬಿಚ್ಚಿ ನೋಡುವಾಗ ಸ್ವಲ್ಪ ಕಪ್ಪು ಕಂಡದ್ದು ಹೌದು. ಡಾಕ್ಟ್ರೇ ನೋಡಿದ್ದಾರಲ್ಲ, ಇದು ಮದ್ದಿನ ಬಣ್ಣ ಇರ್ಬೇಕು ಅಂತ ಪುನಃ ಕಟ್ಟಿದೆ. ಮರುದಿನ ಇನ್ನೂರು ಮರ ಟ್ಯಾಪಿಂಗ್ ಮಾಡಿದೆ.”

ಪಕ್ಕದ ಮಂಚದವರಿಗೆ ಯಾರೋ ಕಿತ್ತಳೆ ಸುಲಿದು ಕೊಡುತ್ತಿದ್ದರು. ಆ ವಾಸನೆ ಇಡೀ ವಾರ್ಡಿಗೆ ಹರಡಿತ್ತು. ಇವರು ಹೀಗೆ ನಂಬಿದ್ದಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನನ್ನ ವರದಿಯಲ್ಲಿ ಜನರ ಅಪನಂಬಿಕೆಯ ಬಗ್ಗೆ ಒಂದೂವರೆ ಪುಟ ಇತ್ತು.

“ಪ್ರೇಮಕ್ಕ, ಅವರು ನೋಡಿದ್ದು ಹಳೇ ಫೋಟೋ.”

“ಎಂತ?”

“ಮೊದ್ಲಿನ ವಾರ ತೆಗ್ದದ್ದು. ನಾನು ಅದನ್ನೇ ಪುನಃ ಕಳಿಸಿದ್ದು. ನಂಗೆ ಜೀಪಿಗೆ ಹೊತ್ತಾಗಿತ್ತು. ಡಾಕ್ಟ್ರಿಗೆ ಗೊತ್ತಿಲ್ಲ. ಅವರು ಗೋಡೆ ನೋಡ್ತಾ ಇದ್ರು. ಬಟ್ಟೆಯ ಒಳಗಿನದ್ದು ಯಾರಿಗೂ ಕಾಣ್ಲಿಲ್ಲ.”

ಬೈಯುತ್ತಾರೆ ಎಂದು ಕಾದೆ. ಅವರು ಕೈಯನ್ನು ನಿಧಾನವಾಗಿ ನನ್ನ ಕೈಯಿಂದ ಬಿಡಿಸಿಕೊಂಡು ಹೊದಿಕೆಯೊಳಗೆ ಇಟ್ಟುಕೊಂಡರು.

“ಹಾಗಾದ್ರೆ ಯಾರೂ ನೋಡ್ಲೇ ಇಲ್ವಾ?”

“ಇಲ್ಲ.”

“ಹೇಳಿದ್ರೆ ಬಿಚ್ತಿದ್ದೆನಲ್ಲ ಮಗಾ. ಬಿಚ್ಲೇಬೇಕು ಅಂತ ಒಂದು ಜೋರು ಮಾಡಿದ್ರೆ ಸಾಕಿತ್ತು. ಭವಿತಾ ಜೋರು ಮಾಡ್ತಾಳೆ.” ಸ್ವರ ಏರಲಿಲ್ಲ. “ಅಣ್ಣನಿಗೆ ಹೇಳಿದ್ಯಾ?”

“ಇಲ್ಲ.”

“ಹೋಗಿ ಹೇಳು. ನಾನು ಹೇಳುದಿಲ್ಲ. ನಂಗೆ ಸಾಕಾಗಿದೆ.” ಕಿಟಕಿಯ ಕಡೆಗೆ ಹೊರಳಲು ಹೋಗಿ, ಹೊರಳಲು ಆಗದೆ, ತಲೆಯನ್ನು ಮಾತ್ರ ಆ ಕಡೆ ತಿರುಗಿಸಿಕೊಂಡರು.

ನಾನು ಎದ್ದು ನಿಂತೆ. ಹೊದಿಕೆಯ ಅಂಚು ಸರಿ ಮಾಡಿ ಹೊರಗೆ ಬಂದೆ.

ವರಾಂಡದಲ್ಲಿ ಧರ್ಮಪಾಲಣ್ಣ ಅರ್ಜಿಯ ಮಡಿಕೆಗಳನ್ನು ಉಗುರಿನಿಂದ ಒತ್ತುತ್ತಾ ನಿಂತಿದ್ದರು. ನಾನು ಬ್ಯಾಗನ್ನು ನೆಲದಲ್ಲಿಟ್ಟು, ಪುಸ್ತಕಗಳ ಅಡಿಯಿಂದ ಫೋನ್ ತೆಗೆದು, ಆ ಫೋಟೋ ತೋರಿಸಿದೆ. ಎಲ್ಲ ಹೇಳಿದೆ. ಜೀಪಿನ ವಿಷಯ, ಡ್ಯಾನ್ಸಿನ ವಿಷಯ, ಪೌಡರಿನ ಅಡಿಯಲ್ಲಿದ್ದ ವಾಸನೆಯ ವಿಷಯ. ಅವರು ಕನ್ನಡಕ ಹಾಕಿಕೊಂಡು ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಎರಡು ರೂಪಾಯಿ ನಾಣ್ಯದಷ್ಟು ಗಾಯ, ಐದು ಬೆರಳು, ಉಗುರಿನಲ್ಲಿ ಮಣ್ಣು.

“ಇದು ಮೊದ್ಲಿನ ವಾರದ್ದು.”

“ಹೌದು.”

“ಎರಡನೇ ವಾರವೂ ಇದೇ.”

“ಹೌದು ಧರ್ಮಪಾಲಣ್ಣ.”

“ಡಾಕ್ಟ್ರಮ್ಮ ಕೇಳಿದ್ರು, ನೀನು ಕೊಡ್ಲಿಲ್ಲ.”

ತಲೆ ಅಲ್ಲಾಡಿಸಿದೆ. ಆಫ್ರಾ ಗೋಡೆಗೆ ಒರಗಿ ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ಬಂದಿದ್ದರೆ ಸ್ವಲ್ಪ ಸುಲಭವಾಗುತ್ತಿತ್ತೇನೋ.

ಅವರು ಹೊಡೆಯಲಿಲ್ಲ, ಬೊಬ್ಬೆ ಹಾಕಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟು ಕುರ್ಚಿಯಲ್ಲಿ ಕೂತರು.

“ಆ ಸಿಸ್ಟರ ವಿಷಯ ನಾನು ನಿಮ್ಗೆ ಹೇಳಿದ್ದೆ,” ಎಂದರು. “ನೀನು ಫೋನಲ್ಲಿ ಬರ್ಕೊಂಡಿದ್ದೆ. ನಾನು ನೋಡಿದ್ದೆ, ಬರ್ಕೊಳ್ಳುದು. ಖುಷಿ ಆಗಿತ್ತು ನಂಗೆ.”

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹಾಕುತ್ತಲೇ ಇತ್ತು. ಅವರು ಅರ್ಜಿಯನ್ನು ಬಿಡಿಸಿದರು. ಓದಿದರು. ಹರಿಯುತ್ತಾರೆ ಎಂದುಕೊಂಡೆ. ಪುನಃ ಮಡಿಚಿ ಜೇಬಿಗೇ ಹಾಕಿದರು.

“ಇದನ್ನು ತಿದ್ದಲಿಕ್ಕೆ ನನ್ನ ಕೈಯಲ್ಲಿ ಆಗುದಿಲ್ಲ. ಇಪ್ಪತ್ತಮೂರು ಜನ ಸೈನ್ ಹಾಕಿದ್ದಾರೆ. ನಾನು ಹೋಗಿ ಡಾಕ್ಟ್ರಮ್ಮಂದು ತಪ್ಪಿಲ್ಲ ಹೇಳಿದ್ರೆ, ಇವನನ್ನು ಯಾರೋ ಕೊಂಡ್ಕೊಂಡ್ರು ಹೇಳ್ತಾರೆ. ನೀನೇ ಬಂದು ಹೇಳ್ಬೇಕು. ಎಲ್ಲರ ಎದುರು. ಈಗ ನಂಗೆ ಹೇಳಿದ ಹಾಗೆ, ಒಂದೂ ಬಿಡದೆ.”

“ಹೇಳಿದ್ರೆ ಟ್ಯಾಬ್ ಉಳೀತದಾ?” ಆಫ್ರಾ ಮೂಗು ಒರೆಸಿಕೊಂಡು ಕೇಳಿದಳು.

“ಯಾರಿಗೆ ಗೊತ್ತು. ಭವಿತಾ ಉಳಿದ್ರೆ ಸಾಕು.” ನನ್ನ ಕಡೆ ತಿರುಗಿದರು. “ನಿನ್ನ ಕಾಲೇಜಿಗೂ ಗೊತ್ತಾಗ್ತದೆ. ಮನೆಗೂ ಗೊತ್ತಾಗ್ತದೆ. ಎಣಿಸಿಕೊಂಡು ಹೇಳು. ಬರ್ತೀಯಾ?”

“ಬರ್ತೇನೆ.”

“ಹತ್ತೂವರೆಗೆ ಮೀಟಿಂಗ್. ಡಾಕ್ಟ್ರಮ್ಮನೂ ಮಂಗಳೂರಿಂದ ಖುದ್ದು ಬರ್ತಾರಂತೆ. ಆ ಫೋಟೋ ಅಳಿಸ್ಬೇಡ, ಫೋನು ತಕೊಂಡೇ ಬಾ.” ಏಳಲು ಕುರ್ಚಿಯ ಕೈ ಹಿಡಿದುಕೊಂಡರು. ವಾರ್ಡಿನೊಳಗಿಂದ ಪ್ರೇಮಕ್ಕ ನೀರು ಕೇಳುತ್ತಿದ್ದರು. “ಸುಳ್ಯದಿಂದ ಒಂಬತ್ತು ಗಂಟೆಯ ಬಸ್ಸಲ್ಲಿ ಬಂದು ಕಲ್ಲುಗುಂಡಿಯಲ್ಲಿ ಇಳಿ. ಅಲ್ಲಿಂದ ಒಳಗೆ ಆ ಹೊತ್ತಿಗೆ ಜೀಪಿಲ್ಲ. ನಾನು ಬೈಕಲ್ಲಿ ಬಂದು ನಿಲ್ತೇನೆ.”